ಒಂದೇ ಪದಪಟ್ಟಿ, ಅನೇಕ ಕೈಗಳು: ಮೊಬೈಲ್ ಬಳಕೆದಾರರ ಸಹಕಾರ್ಯಕ್ಕಾಗಿ ತಂತ್ರಾಂಶದ ವಿನ್ಯಾಸ



ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಶಾಲೆಗಳು ಒಂದೆಡೆ ನೆರೆದಿಲ್ಲ. ಸಾಂಗಲಿ ಜಿಲ್ಲೆಯ ಜತ್ತ, ಸೋಲಾಪುರ ಜಿಲ್ಲೆಯ ಅಕ್ಕಲಕೋಟ ಹಾಗೂ ದಕ್ಷಿಣ ಸೋಲಾಪುರ, ಕೊಲ್ಹಾಪುರ ಜಿಲ್ಲೆಯ ಗಡಿಭಾಗ, ದೂರದ ಮುಂಬಯಿ ಮಹಾನಗರ ಹೀಗೆ ಅವು ಚದುರಿಕೊಂಡಿವೆ. ಮರಾಠಿ ಮಾಧ್ಯಮದ ಶಿಕ್ಷಕರಿಗೆ ಪಾಠದಲ್ಲಿ ಒಂದು ಶಬ್ದ ತೊಡಕಾದರೆ ಪಕ್ಕದ ಊರಿನಲ್ಲಿ ಅದೇ ಪಾಠ ಹೇಳುವ ಇನ್ನೊಬ್ಬ ಶಿಕ್ಷಕರು ಸಿಗುತ್ತಾರೆ. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಅಂತಹ ನೆರೆಯವರು ಅನೇಕ ವೇಳೆ ಬೇರೆ ತಾಲೂಕಿನಲ್ಲಿ ಅಥವಾ ಬೇರೆ ಜಿಲ್ಲೆಯಲ್ಲಿ ಇರುತ್ತಾರೆ. ಹಾತಕಣಂಗಲೆಯ ಶಿಕ್ಷಕರು ಒಂದು ಸಂದೇಹದ ಪರಿಹಾರಕ್ಕಾಗಿ ಅಕ್ಕಲಕೋಟಕ್ಕೆ ಹೋಗಿ ಬರುವುದು ಶಕ್ಯವಲ್ಲ. ಆದುದರಿಂದ ಅಂಗೈಯಲ್ಲಿರುವ ಮೊಬೈಲೇ ಇವರ ಪಾಲಿಗೆ ಶಿಕ್ಷಕರ ಕೊಠಡಿಯಾಗಿದೆ.

ಆ ಕೊಠಡಿಯಲ್ಲಿ ಮಾತು ಧಾರಾಳವಾಗಿ ನಡೆಯುತ್ತಿದೆ. ಕೆಲಸವೂ ಕೂಡಿ ನಡೆಯುತ್ತಿದೆಯೇ ಎಂಬುದು ವಿಚಾರಣೀಯ. ಒಂದು ಪ್ರಶ್ನಪತ್ರಿಕೆಯ ಕರಡು ವಾಟ್ಸ್ಆ್ಯಪ್ ಗುಂಪಿಗೆ ಬಂದಿತೆಂದು ಭಾವಿಸೋಣ. ಮೂವರು ಶಿಕ್ಷಕರು ಅದನ್ನು ಇಳಿಸಿಕೊಂಡು, ತಮ್ಮ ತಮ್ಮ ಮೊಬೈಲಿನಲ್ಲಿ ತಿದ್ದಿ ಮರಳಿ ಕಳಿಸುತ್ತಾರೆ. ಗುಂಪಿನಲ್ಲಿ ಈಗ ‘ಅಂತಿಮ’, ‘ಅಂತಿಮ ಹೊಸದು’, ‘ತಿದ್ದಿದ ಅಂತಿಮ’ ಎಂಬ ಮೂರು ಕಡತಗಳು. ನಾಲ್ಕನೆಯವರು ಮೇಲ್ಗಡೆ ಕಂಡದ್ದನ್ನು ಮುದ್ರಿಸಿಕೊಳ್ಳುತ್ತಾರೆ. ಇಬ್ಬರ ಶ್ರಮ ಅಲ್ಲಿಗೆ ವ್ಯರ್ಥ. ಇದರಲ್ಲಿ ಯಾರ ಅಪರಾಧವೂ ಇಲ್ಲ. ಸಂದೇಶವನ್ನು ಮುಟ್ಟಿಸುವುದಕ್ಕಾಗಿ ನಿರ್ಮಿತವಾದ ಸಾಧನದಿಂದ ಒಂದು ವಸ್ತುವನ್ನು ಕೂಡಿ ಕಟ್ಟುವ ಕೆಲಸವನ್ನು ಮಾಡಿಸಲು ಹೊರಟದ್ದೇ ತೊಡಕಿನ ಮೂಲ. ಸಂಪರ್ಕ ಬೇರೆ, ಸಹಕಾರ್ಯ ಬೇರೆ. ಸಹಕಾರ್ಯಕ್ಕೆಂದೇ ತಂತ್ರಾಂಶವನ್ನು ಹೇಗೆ ರಚಿಸಬೇಕು, ಮತ್ತು ಕನ್ನಡ ಮಾಧ್ಯಮದ ಶಿಕ್ಷಕರು ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದೇ ಈ ಭಾಷಣದ ವಿಷಯ.

ನೇಯ್ಗೆಯ ಊರು ಕಲಿಸುವ ಪಾಠ

ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ವಿಠ್ಠಲರಾವ್ ದಾತಾರರು 1904ರಲ್ಲಿ ಸ್ಥಾಪಿಸಿದರು. ಇಂದು ಆ ನಗರದ ಬಟ್ಟೆ ಒಂದೇ ಕಟ್ಟಡದಲ್ಲಿ ಸಿದ್ಧವಾಗುವುದಿಲ್ಲ. ಹಾಸಿನ ಎಳೆಗಳಿಗೆ ಗಂಜಿ ಹಾಕುವ ಸೈಜಿಂಗ್ ಒಂದು ಕಡೆ, ನೇಯ್ಗೆ ಇನ್ನೊಂದು ಶೆಡ್ಡಿನಲ್ಲಿ, ಬಣ್ಣ ಹಾಗೂ ಸಂಸ್ಕರಣೆ ಮತ್ತೊಂದು ಕಡೆ ನಡೆಯುತ್ತವೆ. ಮಾಲೀಕರು ಬೇರೆ, ಕೆಲಸಗಾರರು ಬೇರೆ. ಆದರೂ ಕೊನೆಗೆ ಬರುವುದು ಒಂದೇ ಬಟ್ಟೆ. ಇದು ಸಾಧ್ಯವಾಗಬೇಕಾದರೆ ಎಷ್ಟು ಎಳೆ, ಎಷ್ಟು ಉದ್ದ, ಯಾವ ನೂಲು ಎಂಬ ವಿವರ ಬೀಮಿನ ಜೊತೆಯಲ್ಲಿಯೇ ಸಾಗಬೇಕು. ಬೀಮನ್ನು ಪಡೆದವರು ಹಿಂದಿನವರನ್ನು ಹುಡುಕಿಕೊಂಡು ಹೋಗಿ ಕೇಳುವಂತಿರಬಾರದು.

ಚದುರಿದ ಜನ ಕೂಡಿ ಮಾಡುವ ಎಲ್ಲ ಕೆಲಸಕ್ಕೂ ಈ ನಿಯಮ ಅನ್ವಯಿಸುತ್ತದೆ. ಕೈಯಿಂದ ಕೈಗೆ ಹೋಗುವ ವಸ್ತು ತನ್ನ ಇತಿಹಾಸವನ್ನು ತಾನೇ ಹೊತ್ತುಕೊಂಡು ಹೋಗಬೇಕು. ಯಾರು ತಿದ್ದಿದರು, ಯಾವ ಪ್ರತಿಯನ್ನು ನೋಡಿ ತಿದ್ದಿದರು, ಏನನ್ನು ತೆಗೆದರು, ಏನನ್ನು ಸೇರಿಸಿದರು ಎಂಬ ನಾಲ್ಕು ಸಂಗತಿಗಳು ವಾಟ್ಸ್ಆ್ಯಪಿನ ಕಡತದೊಂದಿಗೆ ಹೋಗುವುದಿಲ್ಲ. ಸಹಕಾರ್ಯದ ತಂತ್ರಾಂಶದಲ್ಲಿ ಅವು ಹಾಸುಹೊಕ್ಕಾಗಿರಬೇಕು.

ಪರಿತೇವಾಡಿಯಿಂದ ದೀಕ್ಷಾದವರೆಗೆ

ಕನ್ನಡ ಮನೆಮಾತಿನ ಮಕ್ಕಳಿಗಾಗಿ ಮೊಬೈಲನ್ನು ಶಾಲೆಗೆ ತಂದ ಪ್ರಯತ್ನ ಈ ರಾಜ್ಯದಲ್ಲಿಯೇ ನಡೆದಿದೆ. ಸೋಲಾಪುರ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತಸಿಂಹ ಡಿಸಲೆಯವರಿಗೆ, ಪಠ್ಯದ ಭಾಷೆ ಮತ್ತು ಮಕ್ಕಳ ಮನೆಮಾತಾದ ಕನ್ನಡ ಇವೆರಡರ ನಡುವಿನ ಅಂತರ ಕಂಡುಬಂದಿತು. ಅವರು ಆ ಭಾಷೆಯನ್ನು ಕಲಿತು, ಪಠ್ಯವನ್ನು ಮಕ್ಕಳ ಮಾತಿಗೆ ಅನುವಾದಿಸಿ, ಪುಟಗಳಲ್ಲಿ ಕ್ಯೂಆರ್ ಕೋಡುಗಳನ್ನು ಅಳವಡಿಸಿ, ಕವಿತೆಯ ಧ್ವನಿ, ಪಾಠದ ಚಿತ್ರಿಕೆ, ಕಥೆ ಹಾಗೂ ಅಭ್ಯಾಸಗಳು ಮೊಬೈಲಿನಲ್ಲಿ ತೆರೆಯುವಂತೆ ಮಾಡಿದರು. 2020ರ ಡಿಸೆಂಬರ್ 3ರಂದು ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಿತವಾಯಿತು. ಹತ್ತು ಲಕ್ಷ ಡಾಲರುಗಳ ಆ ಪ್ರಶಸ್ತಿಯ ಅರ್ಧ ಮೊತ್ತವನ್ನು ಅವರು ಅಂತಿಮ ಸುತ್ತಿನ ಇತರ ಒಂಬತ್ತು ಶಿಕ್ಷಕರೊಂದಿಗೆ ಹಂಚಿಕೊಂಡರು.

2017ರ ಸೆಪ್ಟೆಂಬರ್ 5ರಂದು ಕೇಂದ್ರ ಸರಕಾರದ ದೀಕ್ಷಾ ವೇದಿಕೆ ಆರಂಭವಾಯಿತು. ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ಅದು ನಿಂತಿದೆ. ಪಠ್ಯಪುಸ್ತಕದ ಕೋಡನ್ನು ಮೊಬೈಲಿಗೆ ತೋರಿಸಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಒಮ್ಮೆ ಇಳಿಸಿಕೊಂಡ ಸಾಮಗ್ರಿಯನ್ನು ಇಂಟರ್ನೆಟ್ ಇಲ್ಲದಾಗಲೂ ನೋಡಬಹುದು.

ಈ ಎರಡೂ ಉಪಕಾರಕ ಪ್ರಯತ್ನಗಳು. ಆದರೆ ಕ್ಯೂಆರ್ ಕೋಡಿನ ಮಾರ್ಗ ಮುಖ್ಯವಾಗಿ ಮೇಲಿನಿಂದ ಕೆಳಕ್ಕೆ ಹರಿಯುವ ಕಾಲುವೆ. ಒಬ್ಬರು ಸಿದ್ಧಪಡಿಸುತ್ತಾರೆ, ಸಾವಿರಾರು ಜನ ಬಳಸುತ್ತಾರೆ. ಬಳಸುವ ಶಿಕ್ಷಕರು ವರ್ಗದಲ್ಲಿ ಕಂಡ ದೋಷವನ್ನು ತಿದ್ದಿ, ಆ ತಿದ್ದುಪಡಿ ಇನ್ನೊಂದು ಜಿಲ್ಲೆಯ ಶಿಕ್ಷಕರಿಗೂ ದೊರೆಯುವಂತೆ ಮಾಡುವುದು ಮುಂದಿನ ಮೆಟ್ಟಿಲು. ತಂತ್ರಾಂಶದ ನಿಜವಾದ ಕಠಿಣತೆ ಆರಂಭವಾಗುವುದೂ ಅಲ್ಲಿಂದಲೇ.

ಒಂದು ಉದಾಹರಣೆ: ಶೇಂಗಾ ಮತ್ತು ಕಡಲೆಕಾಯಿ

ಕಠಿಣತೆ ಸ್ಪಷ್ಟವಾಗಲು ಒಂದು ಸಣ್ಣ ಯೋಜನೆಯನ್ನು ಕಲ್ಪಿಸಿಕೊಳ್ಳಬಹುದು. ಹಾತಕಣಂಗಲೆ, ಗಡಹಿಂಗ್ಲಜ, ಜತ್ತ, ಮುಂಬಯಿ ಈ ನಾಲ್ಕು ಕಡೆಯ ಶಿಕ್ಷಕರು ಕೂಡಿ, ಪರಿಸರ ಅಭ್ಯಾಸದ ಪಾಠಗಳಿಗಾಗಿ ಒಂದು ಪದಪಟ್ಟಿಯನ್ನು ತಯಾರಿಸುತ್ತಾರೆ. ಪ್ರತಿಯೊಂದು ಸಾಲಿನಲ್ಲಿ ಪುಸ್ತಕದ ಶಬ್ದ, ಮಗುವಿನ ಮನೆಯ ಶಬ್ದ, ಮುಂದೆ ಮಾಧ್ಯಮಿಕ ಶಾಲೆಯಲ್ಲಿ ಎದುರಾಗುವ ಮರಾಠಿ ಶಬ್ದ ಹಾಗೂ ಒಂದು ಉದಾಹರಣೆಯ ವಾಕ್ಯ ಇರುತ್ತವೆ.

ಗಡಿಭಾಗದ ಮಗುವಿಗೆ ‘ಶೇಂಗಾ’ ಎಂದರೆ ತಿಳಿಯುತ್ತದೆ. ಅದನ್ನೇ ಮೈಸೂರಿನ ಕಡೆ ‘ಕಡಲೆಕಾಯಿ’ ಎನ್ನುತ್ತಾರೆ, ಕರಾವಳಿಯಲ್ಲಿ ‘ನೆಲಕಡಲೆ’ ಎನ್ನುತ್ತಾರೆ. ಮರಾಠಿಯಲ್ಲಿ ಆ ಬೆಳೆಗೆ ‘ಭುಈಮೂಗ’ ಎಂಬ ಹೆಸರು. ಗಡಿಭಾಗದ ಮಗುವಿಗೆ ‘ಕಡಲೆ’ ಎಂದರೆ ಹಿಂಗಾರಿಯಲ್ಲಿ ಬೆಳೆಯುವ ಕಡಲೆ. ‘ಕಡಲೆಕಾಯಿ ಎಲ್ಲಿ ಬಿಡುತ್ತದೆ? ನೆಲದ ಮೇಲೋ, ನೆಲದ ಒಳಗೋ?’ ಎಂಬ ಪ್ರಶ್ನೆಗೆ ಆ ಮಗು, ಕಡಲೆ ಗಿಡದ ಕಾಯಿಯನ್ನು ನೆನೆದು, ‘ನೆಲದ ಮೇಲೆ’ ಎಂದು ಬರೆಯಬಹುದು. ಮಗುವಿನ ತಿಳಿವಳಿಕೆ ಸರಿಯಾಗಿಯೇ ಇದೆ, ಗುಣ ಮಾತ್ರ ಕಳೆದುಹೋಯಿತು. ಗೋವಿನ ಜೋಳ, ಮುಸುಕಿನ ಜೋಳ, ಮೆಕ್ಕೆಜೋಳ ಇವುಗಳ ಸ್ಥಿತಿಯೂ ಇದೇ. ಚದುರಿದ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೆ ಇಂತಹ ಪದಪಟ್ಟಿ ಕೇವಲ ಅಲಂಕಾರವಲ್ಲ.

ಈಗ ಹಾತಕಣಂಗಲೆಯ ಶಿಕ್ಷಕರು ಒಂದು ಸಾಲಿನಲ್ಲಿ ‘ಶೇಂಗಾ’ ಎಂದು ಬರೆದರು. ಅದೇ ಸಂಜೆ ಮುಂಬಯಿಯ ಶಿಕ್ಷಕರು ಅದೇ ಸಾಲಿನಲ್ಲಿ ‘ಕಡಲೆಕಾಯಿ’ ಎಂದು ಬರೆದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಇನ್ನೂ ಕಂಡಿಲ್ಲ. ಎರಡು ಮೊಬೈಲುಗಳು ಸಂಪರ್ಕಕ್ಕೆ ಬಂದಾಗ ಪಟ್ಟಿಯಲ್ಲಿ ಯಾವ ಶಬ್ದ ಉಳಿಯಬೇಕು? ಮೊಬೈಲ್ ಬಳಕೆದಾರರ ಸಹಕಾರ್ಯಕ್ಕಾಗಿ ಮಾಡುವ ವಿನ್ಯಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ರೇಂಜ್ ಇಲ್ಲದಾಗಲೂ ಕೆಲಸ ನಿಲ್ಲಬಾರದು

ಪ್ರಶ್ನೆಗೆ ಉತ್ತರಿಸುವ ಮೊದಲು ಅದು ಹುಟ್ಟುವುದೇಕೆ ಎಂಬುದನ್ನು ನೋಡಬೇಕು. ಎಲ್ಲರೂ ಸದಾ ಸಂಪರ್ಕದಲ್ಲಿದ್ದರೆ ಒಬ್ಬರು ಬರೆದದ್ದು ಮರುಕ್ಷಣವೇ ಇನ್ನೊಬ್ಬರಿಗೆ ಕಾಣುತ್ತಿತ್ತು. ವಸ್ತುಸ್ಥಿತಿ ಹಾಗಿಲ್ಲ. ಗುಡ್ಡದ ಮಗ್ಗುಲಿನ ಶಾಲೆಯಲ್ಲಿ ರೇಂಜ್ ಸಿಗುವುದಿಲ್ಲ. ತಿಂಗಳ ಕೊನೆಗೆ ರೀಚಾರ್ಜ್ ಮುಗಿದಿರುತ್ತದೆ. 2019ರ ಆಗಸ್ಟ್ ತಿಂಗಳಿನ ಮಹಾಪೂರದಲ್ಲಿ ಕೊಲ್ಹಾಪುರ ಹಾಗೂ ಸಾಂಗಲಿ ಜಿಲ್ಲೆಗಳ ಎಷ್ಟೋ ಊರುಗಳು ದಿನಗಟ್ಟಲೆ ಸಂಪರ್ಕ ಕಳೆದುಕೊಂಡಿದ್ದವು. ಆದುದರಿಂದ ಸಂಪರ್ಕವಿಲ್ಲದಿರುವುದನ್ನು ಅಪವಾದವೆಂದು ಎಣಿಸದೆ ಸಾಮಾನ್ಯ ಸ್ಥಿತಿಯೆಂದೇ ಎಣಿಸಿ ವಿನ್ಯಾಸ ಮಾಡಬೇಕಾಗುತ್ತದೆ.

ಈ ವಿಚಾರ ಹಳೆಯದು. ಅಮೇರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಆರಂಭವಾದ ‘ಕೋಡಾ’ ಎಂಬ ಕಡತ ವ್ಯವಸ್ಥೆ ಇದನ್ನು ವ್ಯವಸ್ಥಿತವಾಗಿ ಸಾಧಿಸಿ ತೋರಿಸಿತು. ಮದ್ರಾಸಿನ ಐಐಟಿಯಲ್ಲಿ ಕಲಿತ ಮಹಾದೇವ ಸತ್ಯನಾರಾಯಣನ್ ಅದರ ನೇತೃತ್ವ ವಹಿಸಿದ್ದರು. ಕೋಡಾದ ಕ್ರಮದಲ್ಲಿ ಮೂರು ಹಂತಗಳಿವೆ. ಸಂಪರ್ಕವಿರುವಾಗ ಬೇಕಾಗುವ ಕಡತಗಳನ್ನು ಯಂತ್ರ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸಂಪರ್ಕ ಕಡಿದಾಗ ಆ ಸಂಗ್ರಹದ ಮೇಲೆಯೇ ಕೆಲಸ ಮುಂದುವರಿಯುತ್ತದೆ, ಮಾಡಿದ ಬದಲಾವಣೆಗಳೆಲ್ಲ ದಾಖಲಾಗುತ್ತವೆ. ಸಂಪರ್ಕ ಮರಳಿದಾಗ ಆ ದಾಖಲೆಯನ್ನು ಮುಖ್ಯ ಸಂಗ್ರಹದೊಂದಿಗೆ ಕೂಡಿಸಲಾಗುತ್ತದೆ. ಬೇಸಿಗೆಯಲ್ಲಿ ಕಾಳು ಕೂಡಿಟ್ಟು ಮಳೆಗಾಲದಲ್ಲಿ ಉಣ್ಣುವ ರೈತನ ಮನೆಗೆ ಈ ಕ್ರಮ ಹೊಸದಲ್ಲ.

ಇದರಿಂದ ಒಂದು ನಿಯಮ ಸಿದ್ಧಿಸುತ್ತದೆ. ಪದಪಟ್ಟಿಯ ಪೂರ್ಣ ಪ್ರತಿ ಪ್ರತಿಯೊಬ್ಬ ಶಿಕ್ಷಕರ ಮೊಬೈಲಿನಲ್ಲಿಯೇ ಇರಬೇಕು. ದೂರದ ಸರ್ವರ್ ಪ್ರತಿಗಳನ್ನು ಕೂಡಿಸುವ ಸಂತೆಯ ಸ್ಥಳ ಮಾತ್ರ. ‘ಇಂಟರ್ನೆಟ್ ಲಭ್ಯವಿಲ್ಲ’ ಎಂದು ಹೇಳಿ, ಬರೆದದ್ದನ್ನು ಅಳಿಸಿಹಾಕುವ ಆ್ಯಪ್ ಎಷ್ಟೇ ಸುಂದರವಾಗಿದ್ದರೂ ಈ ಕೆಲಸಕ್ಕೆ ಯೋಗ್ಯವಲ್ಲ.

ಯಾವುದು ಮೊದಲು, ಯಾವುದು ನಂತರ

ಪ್ರತಿಯೊಬ್ಬರಲ್ಲಿಯೂ ಪ್ರತಿ ಇದ್ದಾಗ ಬದಲಾವಣೆಗಳ ಕ್ರಮವನ್ನು ನಿರ್ಧರಿಸಬೇಕಾಗುತ್ತದೆ. ಗಡಿಯಾರ ನೋಡಿದರಾಯಿತು ಎಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಒಂದು ಮೊಬೈಲಿನ ದಿನಾಂಕ ಹೇಗೋ ಒಂದು ದಿನ ಮುಂದೆ ಸರಿದಿದ್ದರೆ, ಆ ಮೊಬೈಲಿನವರು ಬರೆದದ್ದೇ ಸದಾ ‘ಕೊನೆಯದು’ ಎನಿಸಿಕೊಂಡು ಉಳಿದವರದ್ದನ್ನು ಅಳಿಸುತ್ತಾ ಹೋಗುತ್ತದೆ.

ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿಜ್ಞಾನಿ 1978ರಲ್ಲಿ ಈ ತೊಡಕಿನ ಮೂಲವನ್ನು ವಿವರಿಸಿದರು. ಬೇರೆ ಬೇರೆ ಯಂತ್ರಗಳಲ್ಲಿ ನಡೆಯುವ ಘಟನೆಗಳಿಗೆ ಗಡಿಯಾರದ ವೇಳೆ ಮುಖ್ಯವಲ್ಲ, ಒಂದು ಇನ್ನೊಂದರ ಮೇಲೆ ಪ್ರಭಾವ ಬೀರಲು ಸಾಧ್ಯವಿತ್ತೇ ಎಂಬುದು ಮುಖ್ಯ. ಗಡಹಿಂಗ್ಲಜದ ಶಿಕ್ಷಕರು ಹಾತಕಣಂಗಲೆಯವರ ಸಾಲನ್ನು ನೋಡಿದ ಮೇಲೆ ಅದನ್ನು ತಿದ್ದಿದರೆ ಆ ತಿದ್ದುಪಡಿ ನಿಶ್ಚಿತವಾಗಿ ನಂತರದ್ದು. ಇಬ್ಬರೂ ಪರಸ್ಪರರದ್ದನ್ನು ನೋಡದೆ ಬರೆದಿದ್ದರೆ ಅವು ಸಮಾಂತರ. ಅಲ್ಲಿ ಮೊದಲು-ನಂತರ ಎಂಬ ಮಾತಿಗೆ ಅರ್ಥವೇ ಇಲ್ಲ. ಉತ್ತರಪತ್ರಿಕೆ ತಪಾಸಣೆಯಲ್ಲಿ ಇದು ಪರಿಚಿತ ಸಂಗತಿ. ಮೊದಲ ಪರೀಕ್ಷಕರ ಗುಣಗಳನ್ನು ನೋಡಿ ಎರಡನೆಯವರು ಕೊಟ್ಟ ಗುಣ ಒಂದು ಬಗೆಯದು, ನೋಡದೆ ಸ್ವತಂತ್ರವಾಗಿ ಕೊಟ್ಟ ಗುಣ ಇನ್ನೊಂದು ಬಗೆಯದು. ಉತ್ತಮ ತಂತ್ರಾಂಶ ಈ ಎರಡನ್ನೂ ಬೇರ್ಪಡಿಸಿ ತಿಳಿಯುತ್ತದೆ.

ಇಬ್ಬರು ಒಂದನ್ನೇ ತಿದ್ದಿದಾಗ

ಸಮಾಂತರ ಬದಲಾವಣೆಗಳ ಬಗ್ಗೆ ತಂತ್ರಜ್ಞರು ಪ್ರಧಾನವಾಗಿ ನಾಲ್ಕು ಮಾರ್ಗಗಳನ್ನು ಅನುಸರಿಸಿದ್ದಾರೆ.

ಮೊದಲನೆಯದು ಬೀಗದ ಮಾರ್ಗ. ಒಬ್ಬರು ತಿದ್ದುತ್ತಿರುವಾಗ ಉಳಿದವರಿಗೆ ಪ್ರವೇಶವಿಲ್ಲ. ಶಾಲೆಯ ಹಾಜರಿ ಪುಸ್ತಕ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರು ಕಾಯುವಂತೆ. ಒಂದೇ ಕೊಠಡಿಯಲ್ಲಿ ಇದು ನಡೆಯುತ್ತದೆ. ಬೀಗ ಹಾಕಿಕೊಂಡವರ ಮೊಬೈಲ್ ರೇಂಜಿನ ಹೊರಗೆ ಹೋದರೆ ಇಡೀ ಪಟ್ಟಿಯೇ ನಿಂತುಹೋಗುತ್ತದೆ.

ಎರಡನೆಯದು ‘ಕೊನೆಗೆ ಬರೆದವರದೇ ಉಳಿಯಲಿ’ ಎಂಬ ಮಾರ್ಗ. ರಚಿಸುವವರಿಗೆ ಇದು ಅತ್ಯಂತ ಸುಲಭ. ಆದುದರಿಂದಲೇ ಬಹಳಷ್ಟು ಆ್ಯಪುಗಳು ಸದ್ದಿಲ್ಲದೆ ಇದನ್ನೇ ಅನುಸರಿಸುತ್ತವೆ. ಪದಪಟ್ಟಿಯ ಉದಾಹರಣೆಯಲ್ಲಿ ‘ಶೇಂಗಾ’ ಅಳಿದು ‘ಕಡಲೆಕಾಯಿ’ ಉಳಿಯುತ್ತದೆ, ಅಥವಾ ಅದು ಅಳಿದು ಇದು ಉಳಿಯುತ್ತದೆ. ಸೋತವರಿಗೆ ತಮ್ಮ ಶಬ್ದ ಹೋದದ್ದೇ ತಿಳಿಯುವುದಿಲ್ಲ.

ಮೂರನೆಯದು ಕೂಡಿಸುವ ಮಾರ್ಗ. ಅನೇಕರು ಒಂದೇ ಬರಹವನ್ನು ಏಕಕಾಲಕ್ಕೆ ತಿದ್ದುವ ವಿಧಾನವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬುವರು 1989ರಲ್ಲಿ ಪ್ರಕಟಿಸಿದರು. ಒಬ್ಬರ ತಿದ್ದುಪಡಿಯ ಸ್ಥಾನವನ್ನು ಇನ್ನೊಬ್ಬರ ತಿದ್ದುಪಡಿಗೆ ಅನುಗುಣವಾಗಿ ಸರಿಸಿಕೊಳ್ಳುವುದು ಅದರ ತಿರುಳು. 2011ರಲ್ಲಿ ಮಾರ್ಕ್ ಶಪಿರೊ ಹಾಗೂ ಅವರ ಫ್ರಾನ್ಸ್ ಮತ್ತು ಪೋರ್ತುಗಾಲಿನ ಸಹೋದ್ಯೋಗಿಗಳು ಮುಂದಿನ ಹೆಜ್ಜೆಯನ್ನಿಟ್ಟರು. ಬದಲಾವಣೆಗಳು ಯಾವ ಕ್ರಮದಲ್ಲಿ ಬಂದು ಮುಟ್ಟಿದರೂ, ಎಲ್ಲವೂ ಮುಟ್ಟಿದ ಮೇಲೆ ಎಲ್ಲ ಪ್ರತಿಗಳೂ ತಾವಾಗಿಯೇ ಒಂದೇ ರೂಪಕ್ಕೆ ಬರುವಂತಹ ದತ್ತರಚನೆಗಳನ್ನು ಅವರು ನಿರೂಪಿಸಿದರು. ಸಂಕಲನದಲ್ಲಿ ಸಂಖ್ಯೆಗಳ ಕ್ರಮ ಬದಲಾದರೂ ಮೊತ್ತ ಬದಲಾಗುವುದಿಲ್ಲ. ಆ ಗುಣವನ್ನೇ ಬರಹಕ್ಕೂ ಪಟ್ಟಿಗೂ ತರುವ ಪ್ರಯತ್ನವಿದು.

ನಾಲ್ಕನೆಯದು ಬಳಕೆದಾರರನ್ನೇ ಮುಂಚಿತವಾಗಿ ಕೇಳುವ ಮಾರ್ಗ. ಝೆರಾಕ್ಸ್ ಸಂಸ್ಥೆಯ ಕ್ಯಾಲಿಫೋರ್ನಿಯಾದ ಸಂಶೋಧನ ಕೇಂದ್ರದಲ್ಲಿ ರೂಪುಗೊಂಡು 1995ರಲ್ಲಿ ವರದಿಯಾದ ‘ಬಾಯೂ’ ವ್ಯವಸ್ಥೆ, ಕೈಯಲ್ಲಿ ಒಯ್ಯುವ ಗಣಕಗಳಿಗಾಗಿಯೇ ಯೋಚಿತವಾಗಿತ್ತು. ಸಭಾಕೊಠಡಿಯನ್ನು ಕಾಯ್ದಿರಿಸುವವರು ‘ಸೋಮವಾರ ಬೇಕು, ಅದು ಸಿಗದಿದ್ದರೆ ಮಂಗಳವಾರ ನಡೆದೀತು’ ಎಂದು ಬೇಡಿಕೆಯೊಂದಿಗೆ ಪರ್ಯಾಯವನ್ನೂ ಬರೆದಿಡುತ್ತಿದ್ದರು. ಸಂಘರ್ಷ ಬಂದಾಗ ಯಂತ್ರ ಆ ಸೂಚನೆಯಂತೆ ನಡೆಯುತ್ತಿತ್ತು. ಇತರ ಪ್ರತಿಗಳೊಂದಿಗೆ ಇನ್ನೂ ಪಕ್ಕಾ ಆಗದ ಕಾಯ್ದಿರಿಸುವಿಕೆಯನ್ನು ‘ತಾತ್ಕಾಲಿಕ’ ಎಂದು ಬೇರೆಯಾಗಿಯೇ ಇರಿಸುತ್ತಿತ್ತು.

ಇಲ್ಲಿ ಒಂದು ಭೇದವನ್ನು ಮರೆಯಲಾಗದು. ಎಲ್ಲ ಪ್ರತಿಗಳೂ ಒಂದೇ ಆಗುವುದು ಗಣಿತದ ವಿಷಯ. ಆ ಒಂದೇ ಪ್ರತಿ ಸರಿಯಾದದ್ದಾಗಿರುವುದು ಅರ್ಥದ ವಿಷಯ. ಮೊದಲನೆಯದನ್ನು ಯಂತ್ರ ಸಾಧಿಸಬಲ್ಲದು, ಎರಡನೆಯದನ್ನು ಶಿಕ್ಷಕರೇ ಸಾಧಿಸಬೇಕು. ‘ಶೇಂಗಾ’ ಹಾಗೂ ‘ಕಡಲೆಕಾಯಿ’ ಎರಡೂ ಸರಿಯಾದ ಶಬ್ದಗಳು. ತಂತ್ರಾಂಶ ಎರಡನ್ನೂ ಉಳಿಸಿ, ಪಕ್ಕಪಕ್ಕದಲ್ಲಿ ತೋರಿಸಿ, ‘ಇಲ್ಲಿ ನಿರ್ಣಯ ಬೇಕು’ ಎಂದು ಗುರುತು ಹಾಕಬೇಕು. ಬಳಿಕ ಶಿಕ್ಷಕರು ಚರ್ಚಿಸಿ ಮನೆಯ ಶಬ್ದ ಯಾವುದು, ಪುಸ್ತಕದ ಶಬ್ದ ಯಾವುದು ಎಂದು ಎರಡು ಅಂಕಣಗಳಲ್ಲಿ ಹಂಚಿಬಿಡಬಹುದು. ಸಂಘರ್ಷವೆಂದು ಕಂಡದ್ದು ನಿಜಕ್ಕೂ ಒಂದು ಜ್ಞಾನವಾಗಿತ್ತು. ಕೊನೆಗೆ ಬರೆದವರಿಗೆ ಜಯವೆಂಬ ನಿಯಮ ಆ ಜ್ಞಾನವನ್ನೇ ಅಳಿಸಿಬಿಡುತ್ತಿತ್ತು. ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ಈ ಹಾನಿ ಹೆಚ್ಚು, ಏಕೆಂದರೆ ಅಲ್ಲಿಯ ಶಬ್ದಗಳು ಬೇರೆಲ್ಲಿಯೂ ದಾಖಲಾಗಿರದೆ ಇರಬಹುದು.

ಕನ್ನಡದ ಅಕ್ಷರ ಒಡೆಯದಂತೆ

ಮೇಲಿನ ವಿಧಾನಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಬರಹವನ್ನು ಎದುರಿಗಿಟ್ಟುಕೊಂಡು ರೂಪುಗೊಂಡವು. ಅಲ್ಲಿ ಒಂದು ಅಕ್ಷರಕ್ಕೆ ಒಂದು ಸಂಕೇತ. ಕನ್ನಡದಲ್ಲಿ ಹಾಗಲ್ಲ. ‘ವಿಜ್ಞಾನ’ ಎಂಬ ಶಬ್ದದಲ್ಲಿ ಶಿಕ್ಷಕರು ವಿ, ಜ್ಞಾ, ನ ಎಂದು ಮೂರು ಅಕ್ಷರಗಳನ್ನು ಎಣಿಸುತ್ತಾರೆ. ಯೂನಿಕೋಡಿನಲ್ಲಿ ಅದು ಏಳು ಸಂಕೇತಗಳಾಗಿ ಸಂಗ್ರಹವಾಗುತ್ತದೆ: ವ, ಗುಡಿಸು, ಜ, ವಿರಾಮ ಚಿಹ್ನೆ, ಞ, ದೀರ್ಘದ ಚಿಹ್ನೆ, ನ.

ಈಗ ಪಟ್ಟಿಯಲ್ಲಿ ಯಾರೋ ಅವಸರದಲ್ಲಿ ದೀರ್ಘವನ್ನು ಬಿಟ್ಟು ‘ವಿಜ್ಞನ’ ಎಂದು ಬರೆದಿದ್ದಾರೆ. ಜತ್ತದ ಶಿಕ್ಷಕರು ಅದನ್ನು ಕಂಡು ದೀರ್ಘವನ್ನು ಸೇರಿಸುತ್ತಾರೆ. ರೇಂಜ್ ಇಲ್ಲದ ಇನ್ನೊಂದು ಊರಿನ ಶಿಕ್ಷಕರೂ ಅದೇ ದೋಷವನ್ನು ಕಂಡು ದೀರ್ಘವನ್ನು ಸೇರಿಸುತ್ತಾರೆ. ಇಬ್ಬರೂ ಮಾಡಿದ್ದು ಸರಿ. ಯಂತ್ರ ಇಬ್ಬರ ಸೇರ್ಪಡೆಯನ್ನೂ ಗೌರವಿಸಿ ಎರಡು ದೀರ್ಘಗಳನ್ನು ಇಟ್ಟುಬಿಡುತ್ತದೆ. ಪರದೆಯ ಮೇಲೆ ಮುರಿದ ಶಬ್ದವೊಂದು ಕಾಣುತ್ತದೆ. ಎಲ್ಲ ಮೊಬೈಲುಗಳಲ್ಲಿಯೂ ಒಂದೇ ಬಗೆಯ ತಪ್ಪು, ಆದುದರಿಂದ ಗಣಿತದ ದೃಷ್ಟಿಯಲ್ಲಿ ಯಾವ ದೋಷವೂ ಇಲ್ಲ! ಪರಿಹಾರವೆಂದರೆ, ಕೂಡಿಸುವ ಘಟಕವನ್ನು ಸಂಕೇತದ ಮಟ್ಟದಲ್ಲಿರಿಸದೆ ಅಕ್ಷರದ ಅಥವಾ ಪೂರ್ಣ ಶಬ್ದದ ಮಟ್ಟದಲ್ಲಿ ಇರಿಸುವುದು, ಕೂಡಿಸಿದ ಮೇಲೆ ಅಕ್ಷರರಚನೆ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ‘ಜೋಳ’ ಶಬ್ದದ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಒಕಾರ ಮತ್ತು ದೀರ್ಘಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅರ್ಕಾವತ್ತಿನ ಬದಲಿಗೆ ರಕಾರದ ಕೆಳಗೆ ಒತ್ತಕ್ಷರ ಬರುವಂತೆ ಬರೆದಾಗ, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಂಡಿರುತ್ತದೆ. ಇಂತಹ ರೂಪಗಳನ್ನು ಮೊದಲೇ ಒಂದು ಮಾದರಿಗೆ ತಂದುಕೊಳ್ಳದ ತಂತ್ರಾಂಶ, ಪಟ್ಟಿಯಲ್ಲಿರುವ ಜೋಳವನ್ನು ಹುಡುಕಿದಾಗ ‘ದೊರೆಯಲಿಲ್ಲ’ ಎನ್ನುತ್ತದೆ, ಒಂದೇ ಶಬ್ದವನ್ನು ಎರಡು ಸಲ ಸೇರಿಸಿಕೊಳ್ಳುತ್ತದೆ. ಹಳೆಯ ಕಾಲದ ಯೂನಿಕೋಡೇತರ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪ್ರಶ್ನಪತ್ರಿಕೆಗಳು ಮೊಬೈಲಿನಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುವುದು ಶಿಕ್ಷಕರಿಗೆ ಗೊತ್ತಿರುವ ವಿಷಯ. ಅವುಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಯೇ ಹಂಚಿಕೊಳ್ಳಬೇಕು.

ಈ ದೋಷಗಳನ್ನು ಕಂಡುಹಿಡಿಯಬಲ್ಲವರು ಕನ್ನಡವನ್ನು ಓದಿ ಬರೆಯುವವರೇ ಹೊರತು ದೂರದ ತಂತ್ರಜ್ಞರಲ್ಲ. ಆದುದರಿಂದ ವಿನ್ಯಾಸದ ಪರೀಕ್ಷೆಯಲ್ಲಿ ಭಾಷಾ ಶಿಕ್ಷಕರಿಗೆ ಸ್ಥಾನವಿರುವುದು ಸೌಜನ್ಯದ ಮಾತಲ್ಲ, ಅವಶ್ಯಕತೆಯ ಮಾತು.

ಅಂಗೈಯಗಲದ ಪರದೆ

ಗಣಕದ ದೊಡ್ಡ ಪರದೆಗೆ ಯೋಚಿಸಿದ ವ್ಯವಸ್ಥೆಯನ್ನು ಕುಗ್ಗಿಸಿ ಮೊಬೈಲಿಗೆ ತಂದರೆ ಸಾಲದು. ಮೊಬೈಲಿನ ಕೆಲಸ ತುಣುಕು ತುಣುಕಾಗಿ ನಡೆಯುತ್ತದೆ: ಬಸ್ಸಿಗಾಗಿ ಕಾಯುವಾಗ ಎರಡು ಶಬ್ದ, ಮಧ್ಯಾಹ್ನದ ಬಿಡುವಿನಲ್ಲಿ ಒಂದು ವಾಕ್ಯ. ಆದುದರಿಂದ ಕೆಲಸದ ಘಟಕ ಚಿಕ್ಕದಾಗಿರಬೇಕು. ನಲವತ್ತು ಅಂಕಣಗಳ ಹಾಳೆಗಿಂತ ಒಂದು ಶಬ್ದಕ್ಕೆ ಒಂದು ಚೀಟಿ ಎಂಬ ರಚನೆ ಮೊಬೈಲಿಗೆ ಒಪ್ಪುತ್ತದೆ. ಚೀಟಿಗಳಾಗಿ ಒಡೆದಾಗ ಇಬ್ಬರು ಒಂದೇ ಸ್ಥಳಕ್ಕೆ ಕೈ ಹಾಕುವ ಸಂಭವವೂ ಕಡಿಮೆಯಾಗುತ್ತದೆ.

ಎರಡನೆಯದಾಗಿ, ಸ್ಥಿತಿ ಸ್ಪಷ್ಟವಾಗಿ ಕಾಣಬೇಕು. ‘ನಿಮ್ಮ ಮೊಬೈಲಿನಲ್ಲಿ ಮಾತ್ರ ಇದೆ’, ‘ಎಲ್ಲರಿಗೂ ಮುಟ್ಟಿದೆ’, ‘ನಿರ್ಣಯ ಬಾಕಿ ಇದೆ’ ಎಂಬ ಮೂರು ಸ್ಥಿತಿಗಳನ್ನು ಕನ್ನಡದಲ್ಲಿಯೇ ಬರೆದು ತೋರಿಸಬೇಕು. ತಿರುಗುವ ಚಕ್ರವೊಂದನ್ನು ತೋರಿಸಿ ಸುಮ್ಮನಾಗುವ ಆ್ಯಪ್ ಶಿಕ್ಷಕರನ್ನು ಕತ್ತಲೆಯಲ್ಲಿಡುತ್ತದೆ.

ಮೂರನೆಯದಾಗಿ, ಹಿಂದೆ ಹೋಗುವ ದಾರಿ ಇರಬೇಕು. ಹೊಸದಾಗಿ ಸೇರಿದ ಶಿಕ್ಷಕರು ತಿದ್ದಲು ಹೆದರುವುದು ‘ಏನಾದರೂ ಹಾಳಾದೀತು’ ಎಂಬ ಶಂಕೆಯಿಂದ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾದಲ್ಲಿ ಪ್ರತಿಯೊಂದು ಪುಟದ ಹಿಂದಿನ ರೂಪಗಳು ಉಳಿದಿರುತ್ತವೆ, ಇಬ್ಬರು ಏಕಕಾಲಕ್ಕೆ ಒಂದೇ ಭಾಗವನ್ನು ತಿದ್ದಿದರೆ ಎರಡನೆಯವರಿಗೆ ಸಂಘರ್ಷದ ಸೂಚನೆ ಬರುತ್ತದೆ. ಅಪರಿಚಿತರು ಕೂಡಿ ಅಷ್ಟು ದೊಡ್ಡ ಕೆಲಸವನ್ನು ನಡೆಸುವುದಕ್ಕೆ ಆ ಇತಿಹಾಸದ ಪುಟ ಮುಖ್ಯ ಆಧಾರ. ತಪ್ಪನ್ನು ಮರಳಿ ಸರಿಪಡಿಸಬಹುದೆಂಬ ಭರವಸೆಯಿದ್ದಾಗಲೇ ಹೊಸಬರ ಕೈ ಮುಂದೆ ಬರುತ್ತದೆ.

ಬದಲಿಯಾದ ಮೇಲೆ ಏನು?

ಸಹಕಾರ್ಯ ಎಂಬುದು ದೀರ್ಘಕಾಲದ ಮಾತು. ಶಿಕ್ಷಕರಿಗೆ ಬದಲಿಯಾಗುತ್ತದೆ, ನಿವೃತ್ತಿಯಾಗುತ್ತದೆ, ಮೊಬೈಲ್ ಒಡೆಯುತ್ತದೆ. ಇಪ್ಪತ್ತು ವರ್ಷ ಕೂಡಿಟ್ಟ ಸಾ‍ಮಗ್ರಿ ಒಬ್ಬರ ಮೊಬೈಲಿನಲ್ಲಿ ಮಾತ್ರ ಉಳಿದಿದ್ದರೆ ಅವರೊಂದಿಗೇ ಹೋಗುತ್ತದೆ. ಪ್ರತಿಯೊಬ್ಬರಲ್ಲಿಯೂ ಪೂರ್ಣ ಪ್ರತಿ ಇರಬೇಕೆಂಬ ನಿಯಮ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಇಡೀ ಪಟ್ಟಿಯನ್ನು ಸಾಧಾರಣ ಕಡತವಾಗಿ ಹೊರತೆಗೆದು ಮುದ್ರಿಸಿಕೊಳ್ಳಲು ಅವಕಾಶವಿರಬೇಕು. ಆ್ಯಪ್ ಮುಚ್ಚಿಹೋದರೂ ಶಬ್ದಗಳು ಉಳಿಯಬೇಕು.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಎಲ್ಲರಲ್ಲಿಯೂ ಪ್ರತಿ ಇರುವುದೆಂದರೆ, ಒಮ್ಮೆ ಹಂಚಿದ್ದನ್ನು ಪೂರ್ಣವಾಗಿ ಮರಳಿ ಪಡೆಯುವುದು ಕಷ್ಟವೆಂದೂ ಅರ್ಥ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ಮಾಹಿತಿಗೆ ಪಾಲಕರ ಸಮ್ಮತಿಯನ್ನು ವಿಧಿಸುತ್ತದೆ. ಮಗು ಹೇಳಿದ ಶಬ್ದ ಪಟ್ಟಿಗೆ ಬರಲಿ, ಮಗುವಿನ ಹೆಸರು, ಭಾವಚಿತ್ರ ಹಾಗೂ ಗುಣಗಳು ಬರುವ ಅವಶ್ಯಕತೆಯಿಲ್ಲ.

ಕೇಂದ್ರ ಸಭೆಗಾಗಿ ಒಂದು ಉಪಕ್ರಮ

ಇವೆಲ್ಲವನ್ನೂ ಅನುಭವಕ್ಕೆ ತಂದುಕೊಳ್ಳಲು ಆ್ಯಪ್ ಬೇಕಾಗಿಲ್ಲ, ಕಾಗದ ಸಾಕು. ಕೇಂದ್ರಮಟ್ಟದ ಶಿಕ್ಷಣ ಪರಿಷತ್ತಿನಲ್ಲಿ ಒಂದು ಪಾಠದಿಂದ ಹತ್ತು ಶಬ್ದಗಳನ್ನು ಆಯ್ದು, ಒಂದೊಂದಕ್ಕೆ ಒಂದು ಚೀಟಿಯಂತೆ ಎರಡು ಪ್ರತಿ ಮಾಡಬೇಕು. ಶಿಕ್ಷಕರ ಎರಡು ಗುಂಪುಗಳು ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತು, ಪರಸ್ಪರ ನೋಡದೆ, ಮನೆಯ ಶಬ್ದವನ್ನೂ ಉದಾಹರಣೆಯ ವಾಕ್ಯವನ್ನೂ ಬರೆಯಬೇಕು, ದೋಷ ಕಂಡರೆ ತಿದ್ದಬೇಕು. ಅರ್ಧ ಗಂಟೆಯ ನಂತರ ಎರಡೂ ಪ್ರತಿಗಳನ್ನು ಮೇಜಿನ ಮೇಲಿಟ್ಟು ಒಂದಾಗಿ ಕೂಡಿಸಬೇಕು. ಎಷ್ಟು ಚೀಟಿಗಳು ತಾವಾಗಿಯೇ ಕೂಡಿದವು, ಎಷ್ಟರಲ್ಲಿ ಇಬ್ಬರೂ ಒಂದೇ ತಿದ್ದುಪಡಿ ಮಾಡಿದ್ದರು, ಎಷ್ಟರಲ್ಲಿ ಚರ್ಚೆ ಬೇಕಾಯಿತು ಎಂದು ಮೂರು ರಾಶಿ ಮಾಡಿದರೆ ತಂತ್ರಾಂಶದ ವಿನ್ಯಾಸಕಾರರಿಗೆ ಹೇಳಬೇಕಾದದ್ದು ಬಹುತೇಕ ಸಿದ್ಧವಾದಂತೆಯೇ. ಮೂರನೆಯ ರಾಶಿಯನ್ನು ಯಂತ್ರದ ಕೈಗೆ ಕೊಡಲಾಗದು ಎಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ಬಳಿಕ, ಸದ್ಯಕ್ಕೆ ದೊರೆಯುವ ಹಂಚಿಕೆಯ ಹಾಳೆಗಳನ್ನಾಗಲಿ ಮುಂದೆ ಆದೇಶದೊಂದಿಗೆ ಬರುವ ಹೊಸ ಆ್ಯಪನ್ನಾಗಲಿ ಐದು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಇಂಟರ್ನೆಟ್ ಆಫ್ ಮಾಡಿ ಬರೆದದ್ದು ಉಳಿಯುತ್ತದೆಯೇ? ಇಬ್ಬರು ಒಂದೇ ಸಾಲನ್ನು ನೆಟ್‌ವರ್ಕ್ ಇಲ್ಲದೆ ತಿದ್ದಿ ಬಳಿಕ ಸಂಪರ್ಕಕ್ಕೆ ಬಂದರೆ ಇಬ್ಬರದೂ ಕಾಣುತ್ತದೆಯೇ? ನಿನ್ನೆಯ ರೂಪವನ್ನು ಮರಳಿ ತರಬಹುದೇ? ಕನ್ನಡದ ಒತ್ತಕ್ಷರಗಳೂ ಹುಡುಕಾಟವೂ ಸರಿಯಾಗಿವೆಯೇ? ಎಲ್ಲವನ್ನೂ ಹೊರತೆಗೆದು ಕಾಗದಕ್ಕೆ ಇಳಿಸಬಹುದೇ? ಈ ಪರೀಕ್ಷೆಗೆ ಎರಡು ಮೊಬೈಲ್ ಹಾಗೂ ಹತ್ತು ನಿಮಿಷ ಸಾಕು. ಒಂದು ಪ್ರಶ್ನೆಗೂ ‘ಇಲ್ಲ’ ಎಂಬ ಉತ್ತರ ಬಂದರೆ, ವರ್ಷದ ಶ್ರಮವನ್ನು ಅದರಲ್ಲಿ ತುಂಬುವ ಮುನ್ನ ಸಂಬಂಧಿಸಿದವರಿಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯದು.

ಚದುರಿದ ಶಾಲೆಗಳ ಶಿಕ್ಷಕರಿಗೆ ಸಹಕಾರ್ಯವೆಂದರೆ ಎಲ್ಲರೂ ಒಂದೇ ಮಾತನ್ನು ಆಡುವುದಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತೆ ಅಳಿಯಬಾರದು ಎಂಬುದೇ ಅದರ ಮೊದಲ ಕರಾರು. ಆ ಕರಾರನ್ನು ಪಾಲಿಸುವ ತಂತ್ರಾಂಶದಲ್ಲಿ ಶೇಂಗಾ, ಕಡಲೆಕಾಯಿ, ನೆಲಕಡಲೆ ಹಾಗೂ ಭುಈಮೂಗ ಒಂದೇ ಚೀಟಿಯಲ್ಲಿ ಉಳಿಯುತ್ತವೆ, ಪರೀಕ್ಷೆಯ ದಿನ ಮಗು ತನಗೆ ತಿಳಿದ ಉತ್ತರವನ್ನು ಸರಿಯಾದ ಗಿಡಕ್ಕೇ ಬರೆಯುತ್ತದೆ.